ಟಿಟ್ಟಿಭಕ್ಕೊಂದು ನ್ಯಾಯ, ನಸ್ರೀನ್‌ಗೊಂದು

ಹೋದ ತಿಂಗಳು ಎದುರು ಮನೆಯ ಶಾರದಕ್ಕ ಫೋನು ಹಿಡಿದುಕೊಂಡು ಬಂದರು. ಅದರಲ್ಲಿ ಅವರ ಮಗಳದೊಂದು ಫೋಟೋ. ರೇಷ್ಮೆ ಸೀರೆ ಉಟ್ಟು ಮಹಡಿಯ ಮೇಲೆ ನಿಂತಿದ್ದಾಳೆ, ಬೆಳಗಿನ ಬಿಸಿಲು ಒಂದು ಕೆನ್ನೆಯ ಮೇಲೆ ಬಿದ್ದಿದೆ, ಹುಡುಗಿ ಲಕ್ಷಣವಾಗಿದ್ದಾಳೆ. "ಶಮೀಮಾ, ಇದನ್ನ ಗಂಡಿನ ಕಡೇರಿಗೆ ಕಳಿಸಬೇಕು. ಸ್ವಲ್ಪ ಬೆಳ್ಳಗ ಮಾಡಿ ಕೊಡವ್ವ. ಜಾಸ್ತಿ ಬ್ಯಾಡ. ಮಾಡಿದ್ದು ಗೊತ್ತಾಗಬಾರ್ದು, ಅಷ್ಟೇ" ಎಂದರು.

ನಾನು ಆಗುವುದಿಲ್ಲ ಎಂದೆ. ನಯವಾಗಿ ಹೇಳಬಹುದಿತ್ತು, ಹೇಳಲಿಲ್ಲ. ದನಿ ಏರಿತು. ಮಗಳ ಮುಖದಲ್ಲಿ ನಿಮಗೇನು ಕೊರತೆ ಕಂಡಿತು, ಅವಳನ್ನೊಂದು ಮಾತು ಕೇಳಿದ್ದೀರಾ ಎಂದೆಲ್ಲ ಅಂದುಬಿಟ್ಟೆ. ಶಾರದಕ್ಕ ಪಾಪ, ತಬ್ಬಿಬ್ಬಾದರು. "ಊರಾಗ ಎಲ್ಲಾರೂ ಮಾಡಿಸ್ತಾರೆ. ಇಷ್ಟಕ್ಕೆ ಯಾಕ ಇಷ್ಟು ಸಿಟ್ಟು ನಿಂಗೆ" ಎಂದವರು ಚಹಾ ಮುಟ್ಟದೆ ಎದ್ದು ಹೋದರು.

ಯಾಕೆ ಸಿಟ್ಟು ಎಂದು ಆಗ ಹೇಳಲು ಆಗಲಿಲ್ಲ. ಮರುವಾರ ತವರಿಗೆಂದು ಹರಿಹರಕ್ಕೆ ಹೋದವಳು ಸಂಜೆ ಹೊಳೆಯ ಕಡೆ ನಡೆದೆ. ನೀರು ಇಳಿದಿತ್ತು. ಒದ್ದೆ ಬಂಡೆಯ ಪಾಚಿಯ ವಾಸನೆ ಮೂಗಿಗೆ ಬಂತು. ಒಂದು ಬಂಡೆಯ ಮೇಲೆ ನೀರುಕಾಗೆ ಎರಡೂ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಆ ಒಂದು ಚಳಿಗಾಲ ಪೂರ್ತಿ ನೆನಪಾಯಿತು, ಸಿಟ್ಟಿನ ಸಮೇತ.

ಆಗ ನಾನು ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಕಲರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹರಿಹರದಲ್ಲಿ ಅಬ್ಬಾನದು ಗಾದಿ ಹೊಲಿಯುವ ಅಂಗಡಿ, ಮನೆಯಲ್ಲಿ ಅಮ್ಮಿ, ನಾನು, ತಂಗಿ ನಸ್ರೀನ್. ನನಗೆ ಆಗಲೇ ನಿಶ್ಚಯವಾಗಿತ್ತು, ಅವಳದಿನ್ನೂ ಹುಡುಕಾಟದಲ್ಲಿತ್ತು. ಸುತ್ತಲಿನ ಊರುಗಳ ಸ್ಟುಡಿಯೋದವರು ಮದುವೆಯ ಫೋಟೋಗಳನ್ನು ನಮ್ಮ ಲ್ಯಾಬಿಗೆ ತಂದು ಸುರಿಯುತ್ತಿದ್ದರು, ನಾವು ನಾಲ್ಕು ಜನ ಹುಡುಗಿಯರು ಸಾಲಾಗಿ ಕೂತು ಆಲ್ಬಂ ಮಾಡುತ್ತಿದ್ದೆವು. ಎಲ್ಲರ ಕಂಪ್ಯೂಟರಿನಲ್ಲೂ ಎಫ್ ಫೈವ್ ಎಂಬ ಗುಂಡಿಗೆ ಒಂದು ಕೆಲಸ ಕಟ್ಟಿಟ್ಟಿದ್ದರು. ಅದನ್ನು ಒತ್ತಿದರೆ ಫೋಟೋದಲ್ಲಿರುವ ಚರ್ಮವೆಲ್ಲ ಒಂದು ಹದ ಬೆಳ್ಳಗಾಗುತ್ತಿತ್ತು. ಮದುಮಗಳಿಗೆ ಎರಡು ಸಲ ಒತ್ತಬೇಕು, ಮದುಮಗನಿಗೆ ಒಂದು ಸಲ. ಅಡುಗೆಯವರು, ಬ್ಯಾಂಡಿನವರು ಇರುವ ಫೋಟೋಕ್ಕೆ ಒತ್ತುವುದೇ ಬೇಡ. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಅಂಟಿಸಿರಲಿಲ್ಲ, ಆದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನೂ ಒತ್ತುತ್ತಿದ್ದೆ. ಎರಡು ವರ್ಷ ಒತ್ತಿದೆ, ಒಂದು ದಿನವೂ ಏನೂ ಅನ್ನಿಸಿರಲಿಲ್ಲ.

ಲ್ಯಾಬಿನ ಮಾಲೀಕರು ಮಂಜಣ್ಣ. ವಯಸ್ಸು ಐವತ್ತು ದಾಟಿತ್ತು, ಹಕ್ಕಿಗಳ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಮೊಣಕೈಯುದ್ದದ ಲೆನ್ಸ್ ಹೆಗಲಿಗೆ ಹಾಕಿಕೊಂಡು ಕೊಂಡಜ್ಜಿ ಕೆರೆಗೋ ಗದ್ದೆ ಬಯಲಿಗೋ ಹೊರಡುತ್ತಿದ್ದರು. ಸೋಮವಾರ ಕಾರ್ಡು ತಂದು ತಾವೇ ಕೂತು ಬಣ್ಣ ತಿದ್ದಿಕೊಳ್ಳುತ್ತಿದ್ದರು. ಆ ವರ್ಷ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಬೆಳ್ಳಕ್ಕಿ ಅವರಿಗೆ ಹಳದಿಯಾಗಿ ಕಾಣುತ್ತಿತ್ತು. ಆಪರೇಷನ್ನಿಗೆ ಹೆದರಿ ಮುಂದೂಡುತ್ತಿದ್ದರು, ಸ್ಪರ್ಧೆಗೆ ಫೋಟೋ ಕಳಿಸುವುದನ್ನು ಮಾತ್ರ ಮುಂದೂಡಲು ಮನಸ್ಸಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಸೋಮವಾರ ನನ್ನ ಮೇಜಿನ ಬಳಿ ಬಂದು, "ಇನ್ಮೇಲೆ ನಿನ್ನ ಕಣ್ಣು, ನನ್ನ ಫೋಟೋ. ಕಲೀತೀಯೇನವ್ವ?" ಎಂದರು. ನನಗೆ ಹೆಮ್ಮೆಯೆನಿಸಿತು.

ಕಲಿಕೆ ಶುರುವಾದದ್ದು ಬೈಗುಳದಿಂದ. ಮೊದಲ ಫೋಲ್ಡರಿನಲ್ಲಿ ಸಾರಥಿ ಊರಿನ ಹತ್ತಿರ, ಕೊಯ್ದ ಹೊಲದಲ್ಲಿ ನಿಂತ ಟಿಟ್ಟಿಭ ಹಕ್ಕಿಯ ನಲವತ್ತು ಫೋಟೋ ಇದ್ದವು. ಟಿಟ್ಟಿಭದ ಕಣ್ಣಿನ ಮುಂದೆ ಕೆಂಪು ಚರ್ಮದ ಒಂದು ಪಟ್ಟಿ ಇರುತ್ತದೆ, ಬೆನ್ನು ಕಂದು. ನಾನು ಫೋಲ್ಡರ್ ತೆರೆದೆ, ಕೈ ತನ್ನಷ್ಟಕ್ಕೆ ಎಫ್ ಫೈವ್ ಮೇಲೆ ಹೋಯಿತು. ಅದು ಅಭ್ಯಾಸ ಬಲ. ನಲವತ್ತೂ ಹಕ್ಕಿಗಳ ಕೆಂಪು ಹೋಗಿ ಒಣಗಿದ ಕಿತ್ತಳೆ ಸಿಪ್ಪೆಯ ಬಣ್ಣ ಬಂತು, ಕಂದು ಬೆನ್ನು ಮರಳಿನಂತಾಯಿತು. ಅದನ್ನೇ ಸೇವ್ ಮಾಡಿ ಮಂಜಣ್ಣನವರನ್ನು ಕರೆದೆ. ಅವರು ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಇದು ಟಿಟ್ಟಿಭಾನೋ, ಮದುವೆ ಹೆಣ್ಣೋ?" ಎಂದರು. ಹುಡುಗಿಯರು ನಕ್ಕರು. ಅವರು ನಗಲಿಲ್ಲ. "ಆ ಕೆಂಪು ಅದರ ಗುರುತು ಶಮೀಮಾ. ಅದನ್ನ ತೆಗೆದ್ರೆ ಅದು ಬ್ಯಾರೇ ಹಕ್ಕಿನೇ ಆಗ್ತೈತೆ. ಸ್ಪರ್ಧೆಗೆ ಹೋದ್ರೆ ರಾ ಫೈಲ್ ಕೇಳ್ತಾರೆ, ಕ್ಯಾಮರಾದಾಗ ಬಂದಿದ್ದು ಬಂದಂಗೆ ಇರೋ ಫೈಲು. ಪಕ್ಕಪಕ್ಕ ಇಟ್ಟು ನೋಡ್ತಾರೆ. ಸುಳ್ಳು ಸಿಕ್ತಂದ್ರೆ ನನ್ನ ಹೆಸರು ಪಟ್ಟಿಯಿಂದ ಹೊಡೆದು ಹಾಕ್ತಾರೆ. ಅದು ಬಿಡು, ಹಕ್ಕಿಗೆ ಎಂಥಾ ಅನ್ಯಾಯ ಇದು."

ಹಕ್ಕಿಗೆ ಅನ್ಯಾಯ ಎಂದಾಗ ಅವರ ದನಿ ನಿಜವಾಗಿ ನಡುಗಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಕಲಿಸಿದರು. ಒಳ್ಳೆಯ ಮೇಷ್ಟ್ರು ಅವರು, ಇವತ್ತಿಗೂ ಅದನ್ನು ಇಲ್ಲವೆನ್ನಲಾರೆ. ಇಡೀ ಫೋಟೋವನ್ನು ಒಟ್ಟಿಗೆ ಮುಟ್ಟದೆ, ಒಂದೊಂದೇ ಬಣ್ಣವನ್ನು ಹೆಸರು ಹಿಡಿದು ಕರೆದು, ಅದರಲ್ಲಿ ಬೆರೆತ ಬೇರೆ ಬಣ್ಣಗಳನ್ನು ಚಿಟಿಕೆಯಷ್ಟು ಹೆಚ್ಚುಕಡಿಮೆ ಮಾಡುವ ವಿದ್ಯೆ ಅದು. ಸೆಲೆಕ್ಟಿವ್ ಕಲರ್ ಅನ್ನುತ್ತಾರೆ. ಕೆಂಪು ಎಂದು ಆರಿಸಿಕೊಂಡರೆ ಅದರೊಳಗಿನ ಹಳದಿ ಎಷ್ಟು, ಕಪ್ಪು ಎಷ್ಟು ಎಂದು ನಾಲ್ಕು ಗೆರೆಗಳು ಬರುತ್ತವೆ, ಎಳೆದು ಹೊಂದಿಸಬೇಕು. ಭಾನುವಳ್ಳಿ ಬಯಲಿನ ಭತ್ತದ ಗದ್ದೆಯಲ್ಲಿ ಕೂತ ಬೆಳ್ಳಕ್ಕಿಯ ಫೋಟೋ ತೆರೆದು, "ಈ ಹಸಿರು ಹಕ್ಕಿನ ನುಂಗ್ತಾ ಐತೆ, ತಗ್ಗಿಸು" ಎಂದರು. ನಾನು ಹಸಿರನ್ನು ಆರಿಸಿ ಎಷ್ಟು ಎಳೆದರೂ ಗದ್ದೆ ಅಲುಗಲಿಲ್ಲ. "ಗದ್ದೆ ಹಸಿರು ಹಸಿರಿನಾಗ ಇರಲ್ಲ, ಹಳದಿಯಾಗ ಇರ್ತೈತೆ. ಹಳದಿ ಹಿಡಿ" ಎಂದರು. ಹಿಡಿದೆ. ಗದ್ದೆ ಮೆಲ್ಲಗೆ ಹಿಂದೆ ಸರಿಯಿತು, ಬೆಳ್ಳಕ್ಕಿ ಮುಂದೆ ಬಂದು ನಿಂತಿತು. ನನಗೆ ಮೈ ಜುಂ ಎಂದಿತು.

ಮಿಂಚುಳ್ಳಿಯ ನೀಲಿ ಕ್ಯಾಮರಾದಲ್ಲಿ ನೇರಳೆಯಾಗಿ ಬರುತ್ತದೆ, ಅದನ್ನು ಕಣ್ಣಿಗೆ ಕಂಡ ನೀಲಿಗೆ ತರಬೇಕು. ಕಂಡದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಸಬಾರದು. ಅವರದು ಒಂದೇ ಪಾಠ: ಇಲ್ಲದ್ದನ್ನು ತರಬೇಡ, ಇದ್ದದ್ದನ್ನು ಕಳೆಯಬೇಡ. ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತರಿಸಿ, ತಿನ್ನುವಾಗಲೂ ಅದನ್ನೇ ಹೇಳುತ್ತಿದ್ದರು. ಒಂದು ತಿಂಗಳಾಗುವಷ್ಟರಲ್ಲಿ ಬಸ್ಸಿನಲ್ಲಿ ಕೂತಾಗ ಹೊರಗಿನ ಹೊಲ, ಗೋಡೆ, ಎದುರು ಕೂತವರ ಸೀರೆ ಎಲ್ಲದರಲ್ಲೂ ಯಾವ ಬಣ್ಣದೊಳಗೆ ಯಾವುದು ಎಷ್ಟು ಬೆರೆತಿದೆ ಎಂದು ಲೆಕ್ಕ ಹಾಕುತ್ತಿದ್ದೆ.

"ಬರೇ ಸ್ಕ್ರೀನ್ ನೋಡಿ ಹಕ್ಕಿ ತಿದ್ದೋಕೆ ಆಗಲ್ಲ. ಜೀವಂತ ಹಕ್ಕಿ ನೋಡಬೇಕು. ಭಾನುವಾರ ನಿಮ್ಮೂರ ಹೊಳೆ ಕಡೆಗೇ ಬರ್ತೀವಿ, ನೀನೂ ಬಾ" ಎಂದರು. ಅವರ ಹೆಂಡತಿಯೂ ಬಂದಿದ್ದರು, ಡಬ್ಬಿಯಲ್ಲಿ ಚಪಾತಿ ಕಟ್ಟಿಕೊಂಡು. ನಾನು ನಸ್ರೀನಳನ್ನು ಕರೆದುಕೊಂಡು ಹೋದೆ. ಅವಳು ಭಾನುವಳ್ಳಿಯ ಒಂದು ಶಾಲೆಯಲ್ಲಿ ಟೀಚರು. ನಾಲಿಗೆಯ ತುದಿಯಲ್ಲೇ ಮಾತು. ಮನೆಯಲ್ಲಿ ನಮ್ಮದು ಉರ್ದು, ನಾವಿಬ್ಬರು ಅಕ್ಕತಂಗಿ ಮಾತ್ರ ನಮ್ಮನಮ್ಮಲ್ಲಿ ಕನ್ನಡವೇ ಆಡುವುದು, ಆದರೂ ಅವಳು ನನ್ನನ್ನು ಅಕ್ಕ ಎನ್ನದೆ ಆಪಾ ಎಂದೇ ಕರೆಯುವುದು. ನಾನು ಅಮ್ಮಿಯ ಬಣ್ಣ, ಅವಳು ಅಬ್ಬಾನ ಬಣ್ಣ. ಕಪ್ಪು ಅನ್ನಿ, ಅದನ್ನು ಹೇಳುವುದಕ್ಕೆ ನನಗೀಗ ಯಾವ ಮುಜುಗರವೂ ಇಲ್ಲ.

ಚಳಿ ಇತ್ತು. ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು.

"ಏನು ಬಣ್ಣ ಅದು?" ಎಂದು ಮಂಜಣ್ಣ ಕೇಳಿದರು.

"ಕಪ್ಪು ಸರ್" ಎಂದೆ.

"ಬಿಸಿಲು ಬರಲಿ, ತಡಿ."

ಬಿಸಿಲು ಬಂತು. ರೆಕ್ಕೆಯ ಮೇಲೆ ತಾಮ್ರದ ಹೊಳಪು ಎದ್ದಿತು. ಕತ್ತಿನ ಹತ್ತಿರ ಬಾಟಲಿಯ ಹಸಿರು. ಅಂಚಿನಲ್ಲಿ ನೇರಳೆ. ನಸ್ರೀನ್ ಬಾಯಿ ತೆರೆದು ನೋಡುತ್ತಿದ್ದಳು. "ಅಯ್ಯೋ ಸರ್, ಇಷ್ಟು ದಿನ ಇದನ್ನ ಕಾಗೆಗಿಂತ ಕಡೆ ಅಂದ್ಕೊಂಡಿದ್ವಿ" ಎಂದಳು.

"ಕಪ್ಪು ಅಂದ್ರೆ ಎಲ್ಲ ಬಣ್ಣನೂ ಒಳಗೆ ಇಟ್ಕೊಂಡಿರೋದವ್ವ" ಎಂದರು ಮಂಜಣ್ಣ. "ಕಪ್ಪಿಗೆ ಕೈ ಹಾಕುವಾಗ ಹುಷಾರಿರಬೇಕು ಶಮೀಮಾ. ಸ್ವಲ್ಪ ತೆಗೆದ್ರೂ ಹಕ್ಕಿ ಬೂದಿ ಬಳಕೊಂಡಂಗೆ ಆಗ್ತೈತೆ, ಜೀವ ಹೋಗ್ತೈತೆ."

ನಸ್ರೀನ್ ಹಣೆಗೆ ಕೈ ಅಡ್ಡ ಇಟ್ಟು ಆ ಹಕ್ಕಿಯನ್ನೇ ನೋಡುತ್ತಿದ್ದಾಗ ಮಂಜಣ್ಣ ಸುಮ್ಮನೆ ಲೆನ್ಸ್ ಅವಳ ಕಡೆ ತಿರುಗಿಸಿ ಒಂದು ಫೋಟೋ ತೆಗೆದರು. ತೆಗೆದು ನೋಡಿ, ತಮ್ಮ ಹೆಂಡತಿಗೂ ತೋರಿಸಿದರು. "ಎಷ್ಟು ಚೆಂದ ಬಂದೈತೆ ಹುಡುಗಿ" ಎಂದರು ಆ ತಾಯಿ. ಮರುದಿನ ಅದರ ರಾ ಫೈಲು ನನಗೆ ಕೊಟ್ಟರು. ಮುಂಜಾವಿನ ಬಿಸಿಲು, ಹಿಂದೆ ಹೊಳೆ, ಗಾಳಿಗೆ ಹಣೆಯ ಮೇಲೆ ಸರಿದ ದುಪಟ್ಟಾ, ಮುಖದ ತುಂಬ ಬೆರಗು. ನಸ್ರೀನಳ ಅಷ್ಟು ಒಳ್ಳೆಯ ಫೋಟೋ ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಇಲ್ಲಿಂದ ನಾನು ಮಾಡಿದ ಕೆಲಸ ಬರುತ್ತದೆ. ಬೇರೆಯವರ ಮೇಲಿನ ಸಿಟ್ಟು ಬರೆಯುವುದು ಸುಲಭ, ಇದು ಅಷ್ಟು ಸುಲಭವಲ್ಲ.

ದಾವಣಗೆರೆಯ ಒಂದು ಮನೆತನದಿಂದ ನಸ್ರೀನಳನ್ನು ಕೇಳಿ ಬಂದರು. ಹಾರ್ಡ್‌ವೇರ್ ಅಂಗಡಿ, ಹುಡುಗ ಓದಿದವನು. ಮೊದಲು ಫೋಟೋ ಕಳಿಸಿ ಎಂದರು. ಅಮ್ಮಿ ಹೊಳೆಯ ಫೋಟೋವನ್ನೇ ಆರಿಸಿದಳು. ಆರಿಸಿ ಸುಮ್ಮನಿರಲಿಲ್ಲ, ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಊರಿನ ಮದುವೆ ಹೆಣ್ಣುಗಳನ್ನೆಲ್ಲ ಬೆಳ್ಳಗ ಮಾಡ್ತೀಯ. ನಿನ್ನ ತಂಗಿಗೆ ಮಾಡಲ್ವಾ? ಒಂದ್ಸಲ ಮನೆಗೆ ಬಂದು ಅವಳ ಗುಣ ನೋಡಿದ್ರೆ ಸಾಕು, ಬಣ್ಣ ಯಾರೂ ನೋಡಲ್ಲ. ಬರೋ ತನಕ ಅಷ್ಟೇ."

ಎಫ್ ಫೈವ್ ಒತ್ತಲು ನನಗೆ ಮನಸ್ಸಾಗಲಿಲ್ಲ. ಅದು ಒರಟು, ಯಾರು ನೋಡಿದರೂ ಸುಣ್ಣ ಬಳಿದದ್ದು ತಿಳಿಯುತ್ತದೆ. ನನ್ನ ತಂಗಿಗೆ ಒಳ್ಳೆಯದೇ ಆಗಬೇಕಲ್ಲ. ಹಾಗಾಗಿ ಕಲಿತ ವಿದ್ಯೆಯನ್ನೆಲ್ಲ ಹಾಕಿದೆ. ಕೆಂಪನ್ನು ಆರಿಸಿ ಅದರ ಕಪ್ಪನ್ನು ಒಂದೊಂದೇ ಹೆಜ್ಜೆ ಇಳಿಸಿದೆ. ಹಳದಿಯನ್ನು ಆರಿಸಿ ಅಲ್ಲೂ ಇಳಿಸಿದೆ. ಹಿಂದಿನ ಹೊಳೆಯ ಬಣ್ಣ ಅಲುಗದಂತೆ ಕಾಪಾಡಿದೆ, ದುಪಟ್ಟಾದ ಕೆಂಪು ಮಾಸದಂತೆ ಬೇರೆ ಮಾಡಿದೆ. ಎರಡು ಸಂಜೆ ಕೂತೆ. ಎಲ್ಲಿ ಮುಟ್ಟಿದೆ ಎಂದು ಮಂಜಣ್ಣನವರೇ ಬಂದರೂ ಹೇಳಲಾರದಷ್ಟು ಹದವಾಗಿ ಬಂತು. ಆ ಎರಡು ಸಂಜೆ ನನಗೆ ನನ್ನ ಕೈಯ ಬಗ್ಗೆ ಬಹಳ ಅಭಿಮಾನವಾಯಿತು.

ನಸ್ರೀನಳಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. "ಇದು ಯಾರು ಆಪಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬ್ಯಾಡ. ಇದನ್ನ ಕಳಿಸಬ್ಯಾಡ. ಇದ್ದಂಗೆ ಕಳಿಸು, ಬಂದ್ರೆ ಬರ್ತಾರೆ, ಇಲ್ದಿದ್ರೆ ಇಲ್ಲ" ಎಂದಳು.

ಸ್ಪಷ್ಟವಾಗಿಯೇ ಹೇಳಿದಳು. ನಾನು ಕೇಳಿಸಿಕೊಂಡೆ. ಅವಳು ಶಾಲೆಗೆ ಹೋದ ಮೇಲೆ ಅಮ್ಮಿಯ ಫೋನಿನಿಂದ ಕಳಿಸಿದೆ.

ಅವರು ಬಂದರು. ಶುಕ್ರವಾರ ಮಧ್ಯಾಹ್ನ, ನಾಲ್ಕು ಜನ ಹೆಂಗಸರು. ಹುಡುಗನ ತಾಯಿ ಮೆತ್ತಗಿನವರು. ಮಾತೆಲ್ಲ ಹುಡುಗನ ಫೂಫಿಯದು, ಎಂದರೆ ಸೋದರತ್ತೆಯದು. ಅಬ್ಬಾ ಹೊಸ ಗಾದಿಗಳಿಗೆ ಹೊಸ ಕವರು ಹಾಕಿ ಹಾಸಿದ್ದರು. ಅಮ್ಮಿ ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ನಸ್ರೀನ್ ಚಹಾದ ತಟ್ಟೆ ಹಿಡಿದು ಬಂದು ಸಲಾಮ್ ಹೇಳಿದಳು. ಫೂಫಿ ಚಹಾ ತೆಗೆದುಕೊಂಡರು, ಒಂದು ಗುಟುಕು ಕುಡಿದರು, ಸುತ್ತ ನೋಡಿ ನಗುತ್ತ ಅಮ್ಮಿಯನ್ನು ಕೇಳಿದರು: "ಫೋಟೋದಾಗ ಇರೋ ಹುಡುಗಿ ಎಲ್ಲಿ? ಅವಳನ್ನ ಕರೀರಿ."

ಅಮ್ಮಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಆ ಹೆಂಗಸು. ನಸ್ರೀನಳ ಮೊಣಕೈ ಹಿಡಿದು ಬಾಗಿಲ ಬೆಳಕಿಗೆ ಕರೆದುಕೊಂಡು ಹೋದರು. ತಮ್ಮ ಫೋನು ತೆಗೆದು ಅವಳ ಕೆನ್ನೆಯ ಪಕ್ಕ ಹಿಡಿದರು. ಸಂತೆಯಲ್ಲಿ ಬಟ್ಟೆಯ ತುಂಡನ್ನು ತಂದ ಮಾದರಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. ಉಳಿದ ಮೂವರೂ ಕತ್ತು ಚಾಚಿ ನೋಡಿದರು. ನನ್ನ ತಂಗಿ ಅಲುಗದೆ ನಿಂತಿದ್ದಳು. ಅವಳ ಕಣ್ಣು ಫೂಫಿಯ ಮೇಲಿರಲಿಲ್ಲ, ನನ್ನ ಮೇಲಿತ್ತು. ಆಮೇಲೆ ಆ ನಾಲ್ವರೂ ವಾಪಸು ಕೂತು ಸಮೋಸ ತಿಂದರು, ಶೀರಾ ತಿಂದರು, ಅಮ್ಮಿಯ ಕೈರುಚಿಯನ್ನು ಹೊಗಳಿದರು, ಎರಡನೇ ಸಲ ಚಹಾ ಕೇಳಿ ಕುಡಿದರು. ಮೂರನೇ ದಿನ ಮಧ್ಯಸ್ಥಿಕೆಯವರ ಕೈಲಿ ಹೇಳಿ ಕಳಿಸಿದರು: ಮೋಸ ಮಾಡೋ ಮನೆತನದ ಜೊತೆ ಸಂಬಂಧ ಬ್ಯಾಡ.

ಕಪ್ಪೆಂದು ಬೇಡ ಎಂದಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಅವರು ಹಾಗೆನ್ನಲಿಲ್ಲ. ಮೋಸ ಎಂದರು. ಬೆಳ್ಳಗಿಲ್ಲದಿದ್ದರೆ ಬೇಡವೆನ್ನುವ ಜನ ತಾವು ಸಂಭಾವಿತರಾಗಿ, ನಮ್ಮ ಹುಡುಗಿಯನ್ನು ಕಳ್ಳಮಾಲು ಮಾಡಿ ಹೋದರು. ಆ ಮಾತಿಗೆ ಆಸ್ಪದ ಕೊಟ್ಟವಳು ನಾನು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ನಸ್ರೀನ್ ಒಂದೇ ಸಲ ಮಾತಾಡಿದಳು. "ಅವರು ನನ್ನ ಬಣ್ಣಕ್ಕೆ ಅಂದಿದ್ರೆ ನಾನೇ ಉತ್ತರ ಕೊಡ್ತಿದ್ದೆ ಆಪಾ. ಮೋಸ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾನು ಬ್ಯಾಡ ಅಂದಿದ್ದೆ." ಅವಳು ಕೈ ತೊಳೆದುಕೊಂಡು ಎದ್ದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಒಂದೇ ಕೋಣೆಯಲ್ಲಿ ಮಲಗುವವರು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೂ ಒಟ್ಟಿಗೆ ಹೋಗುತ್ತಿದ್ದವರು, ಈಗ ಅವಳು ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದಳು. ನನಗೆ ಏನಾದರೂ ಹೇಳಬೇಕಿದ್ದರೆ ಅಮ್ಮಿಗೆ ಹೇಳುತ್ತಿದ್ದಳು, ನಾನು ಪಕ್ಕದಲ್ಲೇ ಇದ್ದರೂ. ಅವಳ ಮದುವೆಯ ಚಿಂತೆ ಅಮ್ಮಿಗಿತ್ತು. ನನಗಿದ್ದದ್ದು ಒಂದೇ ಚಿಂತೆ, ಇವಳು ಇನ್ನೊಮ್ಮೆ ನನ್ನನ್ನು ನಂಬುತ್ತಾಳೋ ಇಲ್ಲವೋ ಎಂದು.

ಅದೇ ದಿನಗಳಲ್ಲಿ ಮಂಜಣ್ಣನವರ ಟಿಟ್ಟಿಭಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬಂತು. ಪೇಡೆ ತಂದು ಎಲ್ಲರಿಗೂ ಹಂಚಿದರು. ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಕೌಂಟರಿನ ಮೇಲೆ ತೂಗುಹಾಕಿದರು. "ರಾ ಫೈಲ್ ತರಿಸ್ಕೊಂಡು ಪಕ್ಕಪಕ್ಕ ಇಟ್ಟು ನೋಡಿದ್ರಂತೆ. ಒಂದು ಗರಿ ಬಣ್ಣನೂ ಸುಳ್ಳಿಲ್ಲ ಅಂದ್ರಂತೆ. ಇದರಾಗ ನಮ್ಮ ಶಮೀಮಂದೂ ಪಾಲೈತೆ" ಎಂದು ಎಲ್ಲರೆದುರು ಹೇಳಿದರು. ಹೇಳಿ ತಿರುಗುವಾಗಲೇ ಒಂದು ಪೆನ್‌ಡ್ರೈವ್ ನನ್ನ ಮೇಜಿನ ಮೇಲಿಟ್ಟರು. "ಇದು ಅರ್ಜೆಂಟ್ ಮದುವೆ. ಹುಡುಗಿ ಸ್ವಲ್ಪ ಡಲ್ ಐತೆ. ಮೂರು ಸಲ ಒತ್ತಿಬಿಡು."

ಪೇಡೆ ಇನ್ನೂ ಬಾಯಲ್ಲಿತ್ತು.

"ಸರ್, ಈ ಹುಡುಗಿದು ರಾ ಫೈಲ್ ಯಾರಾದ್ರೂ ಕೇಳ್ತಾರಾ?" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕರು. "ಅದು ಬ್ಯಾರೆ, ಇದು ಬ್ಯಾರೆ ಶಮೀಮಾ."

"ಹೆಂಗೆ ಬ್ಯಾರೆ ಹೇಳ್ರಿ ಸರ್."

"ಹಕ್ಕಿಗೇನು ಮದುವೆ ಆಗಬೇಕಾ?"

ಹುಡುಗಿಯರು ಮತ್ತೆ ನಕ್ಕರು. ನಾಲ್ಕು ತಿಂಗಳ ಹಿಂದೆ ಟಿಟ್ಟಿಭಕ್ಕೆ ನಕ್ಕ ಹಾಗೆಯೇ. ನಾನು ಎದ್ದು ನಿಂತೆ. ಹೊಳೆಯ ದಂಡೆಯಲ್ಲಿ ನೀವು ತೆಗೆದು ಮನೆಯವರಿಗೂ ತೋರಿಸಿದ ಫೋಟೋವನ್ನು, ನೀವು ಕಲಿಸಿದ ವಿದ್ಯೆಯಿಂದ ನಾನು ಏನು ಮಾಡಿದೆ, ಅದರಿಂದ ನಮ್ಮ ಮನೆಬಾಗಿಲಲ್ಲಿ ಏನಾಯಿತು ಎಂದು ಹೇಳಿದೆ. ಕೆಂಪು ಟಿಟ್ಟಿಭದ ಗುರುತಾದರೆ ನನ್ನ ತಂಗಿಯ ಗುರುತು ಯಾವುದು ಎಂದು ಕೇಳಿದೆ. ಕಪ್ಪಿಗೆ ಕೈ ಹಾಕಿದರೆ ಜೀವ ಹೋಗುತ್ತದೆ ಎಂದಿರಿ, ಯಾರ ಜೀವ ಎಂದು ಕೇಳಿದೆ. ಒಂದು ಗರಿಯ ಬಣ್ಣಕ್ಕೆ ನಡುಗುವ ದನಿ, ದಿನಕ್ಕೆ ಮುನ್ನೂರು ಮುಖ ಒರೆಸಿ ಹಾಕುವಾಗ ಒಮ್ಮೆಯೂ ನಡುಗಲಿಲ್ಲವಲ್ಲ ಎಂದೆ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನೂ ಅಂದೆ. ಸಂಬಳ ಕೊಡುವವರಿಗೆ ಅನ್ನಬಾರದಿತ್ತೇನೋ, ಅಂದಾಗಿತ್ತು.

ಮಂಜಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ನಾನು ಹಕ್ಕಿಗೆ ಅಂತ ಕಲಿಸಿದ್ದೆ" ಎಂದರು.

ಅಷ್ಟೇ. ಅವರು ಕೆಟ್ಟವರಲ್ಲ. ಆಮೇಲೂ ನನ್ನ ಮೇಲೆ ಕೂಗಾಡಲಿಲ್ಲ, ಸಂಬಳ ಹಿಡಿಯಲಿಲ್ಲ. ನಾನು ನನ್ನ ಕಂಪ್ಯೂಟರಿನಿಂದ ಎಫ್ ಫೈವ್ ಅಳಿಸಿ ಹಾಕಿದೆ. ಮರುದಿನ ಬಂದು ನೋಡಿದರೆ ಅದು ತನ್ನ ಜಾಗದಲ್ಲಿ ಮತ್ತೆ ಇತ್ತು. ಮತ್ತೆ ಅಳಿಸಿದೆ, ಮತ್ತೆ ಬಂತು. ಆ ಅರ್ಜೆಂಟ್ ಮದುವೆಯ ಆಲ್ಬಮ್ಮನ್ನು ಪಕ್ಕದ ಹುಡುಗಿ ಮಾಡಿದಳು, ಮೂರು ಸಲ ಒತ್ತಿ. ಮದುಮಗಳ ಮನೆಯವರು ಬಂದು ನೋಡಿ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು. ಯುಗಾದಿಯ ಹೊತ್ತಿಗೆ ನಾನು ಆ ಕೆಲಸ ಬಿಟ್ಟೆ. ಲ್ಯಾಬಿಗೇನೂ ನಷ್ಟವಾಗಲಿಲ್ಲ.

ಬಿಡುವುದಕ್ಕೆ ಮುಂಚಿನ ಒಂದು ರಜೆಯ ದಿನದ ಮಾತು ಇದು. ನಸ್ರೀನ್ ಮಾತು ಬಿಟ್ಟು ಹದಿನೇಳು ದಿನವಾಗಿತ್ತು. ಅಬ್ಬಾ ಅಂಗಡಿಯಲ್ಲಿದ್ದರು, ಅಮ್ಮಿ ಮಹಡಿಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ನಸ್ರೀನ್ ಕಿಟಕಿಯ ಹತ್ತಿರ ಕೂತು ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಿದ್ದಳು. ನಾನು ಹಳೆಯ ಲ್ಯಾಪ್‌ಟಾಪ್ ತಂದು ಅವಳ ಎದುರು ಇಟ್ಟು ಹೊಳೆಯ ಫೋಟೋದ ರಾ ಫೈಲು ತೆರೆದೆ. ಯಾರೂ ಮುಟ್ಟದ್ದು, ಬಂದದ್ದು ಬಂದ ಹಾಗೆ.

"ನಸ್ರೀನ್, ಕೈ ಕೊಡು" ಎಂದೆ.

ಅವಳು ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

"ಕಣ್ಣಿಗೆ ಕಂಡಂಗೆ ಇರಬೇಕು. ನೋಡ್ದೆ ಮಾಡೋಕೆ ಆಗಲ್ಲ. ಕೈ ಕೊಡು."

ಕೈಲಿದ್ದ ಪೇಪರಿಗೆ ಅಂಕ ಹಾಕಿದಳು. ಆಮೇಲೆ ಕೆಂಪು ಪೆನ್ನು ಕೆಳಗಿಟ್ಟಳು. ಎಡಗೈಯನ್ನು ಸ್ಕ್ರೀನಿನ ಪಕ್ಕ, ಕಿಟಕಿ ಬೆಳಕಿಗೆ ಇಟ್ಟಳು. ನೋಡಿದರೆ ಕ್ಯಾಮರಾ ಕೂಡ ಪೂರ್ತಿ ಸತ್ಯ ಹೇಳಿರಲಿಲ್ಲ. ನೀರಿನ ಬೆಳಕು ಮುಖಕ್ಕೆ ಹೊಡೆದು ಕೆನ್ನೆ ಬೂದು ತಿರುಗಿತ್ತು. ಆ ಬೂದನ್ನು ತೆಗೆದೆ. ಕೆಂಪನ್ನು ಆರಿಸಿ ಅದಕ್ಕೆ ಒಂದಿಷ್ಟು ಹಳದಿ ಕೊಟ್ಟೆ, ಬೆಚ್ಚಗಾಯಿತು. ಆದರೂ ಕೈಗೂ ಮುಖಕ್ಕೂ ಹೊಂದಲಿಲ್ಲ.

"ಇನ್ನೂ ಸ್ವಲ್ಪ" ಎಂದಳು ನಸ್ರೀನ್. ಹದಿನೇಳು ದಿನದ ಮೇಲೆ ಮೊದಲ ಮಾತು. "ಇಲ್ಲಿ ನೋಡು, ಗೆಣ್ಣಿನ ಹತ್ರ. ಇಷ್ಟು ತಿಳಿ ಇಲ್ಲ ನಾನು."

ಕಪ್ಪಿನ ಗೆರೆ ಹಿಡಿದೆ. ಎರಡು ವರ್ಷ ಮುಖಗಳ ಕಪ್ಪು ಇಳಿಸಿಯೇ ಅಭ್ಯಾಸವಾಗಿದ್ದ ಬೆರಳು. ಮೇಲಕ್ಕೆ ಒಂದು ಹೆಜ್ಜೆ ಎಳೆದೆ, ಇನ್ನೊಂದು ಹೆಜ್ಜೆ ಎಳೆದೆ. ಕೈಯೂ ಮುಖವೂ ಒಂದಾದವು. ಹೊಳೆಯ ಬಿಸಿಲು ಅವಳ ಹಣೆಯ ಮೇಲೆ ಆ ಬೆಳಿಗ್ಗೆ ಬಿದ್ದಂತೆಯೇ ಬಿದ್ದಿತ್ತು. ನಾವಿಬ್ಬರೂ ನೋಡುತ್ತ ಕೂತೆವು.

ಅವಳ ಮದುವೆ ಆಮೇಲೆ ಆಯಿತಾ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ನಾನು ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ, ಬೆಳ್ಳಗೆ ಮಾಡಿ ಕಳಿಸಿದ್ದರಲ್ಲಿ ತಪ್ಪೇನು ಎಂಬಲ್ಲಿಗೆ ಮಾತು ಮತ್ತೆ ಹೋಗುತ್ತದೆ.

ನಸ್ರೀನ್ ಕೈ ಹಿಂದಕ್ಕೆ ತೆಗೆದುಕೊಂಡಳು. "ಇದನ್ನ ಈಗ ಕಳಿಸು" ಎಂದಳು.

"ಯಾರಿಗೆ?"

"ಆ ಫೂಫಿಗೆ."

"ಅವರಿಗ್ಯಾಕ ಇನ್ನ?" ಎಂದೆ.

"ಫೋಟೋದಾಗ ಇರೋ ಹುಡುಗಿ ಎಲ್ಲಿ ಅಂತ ಕೇಳಿದ್ರಲ್ಲ ಆಪಾ. ಅವತ್ತು ಮನೆಯಾಗ ಯಾರೂ ಉತ್ತರ ಕೊಡಲಿಲ್ಲ" ಎಂದು ಅಮ್ಮಿಯ ಫೋನು ನನ್ನ ಕೈಗೆ ಕೊಟ್ಟಳು.